ಪಾರ್ಕಿನ ಅಣಬೆ ಮತ್ತು ಮೊದಲ ತುತ್ತು

ಅಣಬೆ ಕಂಡರೆ ನನಗೆ ಬಾಯಲ್ಲಿ ನೀರೂರುವುದೂ ಎದೆ ಡವಡವ ಎನ್ನುವುದೂ ಒಟ್ಟಿಗೇ. ಈ ಎರಡನೆಯದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಕಾರಣ, ದುಬೈಯ ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ, ಉಡುಪಿ ಕಡೆಯವನೆಂಬ ಒಂದೇ ಅರ್ಹತೆಯ ಮೇಲೆ ನಾನು ಹಾವು, ಹಕ್ಕಿ, ಅಣಬೆಗಳ ತಜ್ಞನಾಗಿಬಿಟ್ಟಿದ್ದೇನೆ. ಬೆಂಗಳೂರಿನ ನೆರೆಯವರು ಫೋಟೊ ತೋರಿಸಿದರೆ ಗಂಭೀರವಾಗಿ ತಲೆಯಾಡಿಸುತ್ತೇನೆ. ಗೊತ್ತಿಲ್ಲ ಎನ್ನಲು ಬೇಕಾದ ಧೈರ್ಯ ನನ್ನಲ್ಲಿಲ್ಲ.

ನಮ್ಮ ಹಿರಿಯರು ಅಣಬೆ ಶಾಸ್ತ್ರವನ್ನು ಎರಡೇ ಪದಗಳಲ್ಲಿ ಮುಗಿಸಿದ್ದಾರೆ. ತಿನ್ನುವಂಥದ್ದು ಅಣಬೆ, ತಿನ್ನಬಾರದ್ದು ನಾಯಿಕೊಡೆ. ಯಾವುದು ಯಾವುದೆಂದು ಹೇಳುವ ಕೆಲಸವನ್ನು ಮಾತ್ರ ಮನೆಯ ಹೆಂಗಸರಿಗೆ ಬಿಟ್ಟುಬಿಟ್ಟರು. ನಮ್ಮ ಮನೆಯಲ್ಲಿ ಅದು ಅಮ್ಮನ ಖಾತೆ.

ಕಳೆದ ಚಳಿಗಾಲ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಎರಡು ದಿನ ಮಳೆ ಬಿದ್ದ ಮರುದಿನ ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೋದೆವು. ಬೇವಿನ ಮರಗಳ ಕೆಳಗೆ, ಹುಲ್ಲಿನ ಮೇಲೆ, ಬೆಳ್ಳಗೆ ಹತ್ತಾರು ಅಣಬೆ!

"ಇದು ನಮ್ಮೂರಿನದ್ದೇ ಅಲ್ವಾ?" ಎಂದು ಅಮ್ಮ ನನ್ನ ಮುಖ ನೋಡಿದಳು.

ಅಣಬೆ ಗುರುತಿಸುವ ಫೋನಿನ ಆಪ್, ನಾನು ಮೂರು ಸಲ ಫೋಟೊ ತೋರಿಸಿದ್ದಕ್ಕೆ ಮೂರು ಹೆಸರು ಹೇಳಿತು. ಕೊನೆಗೆ, ಒಂದನ್ನು ಬಿಳಿ ಕಾಗದದ ಮೇಲೆ ಕವುಚಿಟ್ಟು ಉದುರುವ ಪುಡಿಯ ಬಣ್ಣ ನೋಡಿ ಎಂದು ಕೈತೊಳೆದುಕೊಂಡಿತು. ಪಾರ್ಕಿನಲ್ಲಿ ಕಿತ್ತರೆ ದಂಡ ಹಾಕುತ್ತಾರೇನೋ ಎಂಬ ದಿಗಿಲಿನಲ್ಲಿ ಸುತ್ತಮುತ್ತ ನೋಡುತ್ತಿದ್ದ ನಾನು, "ಹೌದಮ್ಮ, ಅದೇ" ಎಂದುಬಿಟ್ಟೆ. ಅಮ್ಮ ಸೆರಗಿನ ತುಂಬ ಕಿತ್ತುಕೊಂಡಳು.

ಮನೆಗೆ ಬಂದ ಮೇಲೆ ನನ್ನ ಮಗಳು, ಆಪ್ ಹೇಳಿದಂತೆ, ಒಂದನ್ನು ಕಾಗದದ ಮೇಲಿಟ್ಟಳು. ನಾನು ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುವುದು, ಅವಳು ಗದರುವುದು. ಹನ್ನೊಂದು ಗಂಟೆಗೆ ಅವಳೇ ಫೋನ್ ನೋಡುತ್ತ ಕೂಗಿದಳು.

"ಅಪ್ಪಾ, ಇಟ್ಸ್ ಗ್ರೀನ್! ಗ್ರೀನ್ ಅಂದ್ರೆ ಪಾಯ್ಸನ್ ಅಂತ ಉಂಟು ಇಲ್ಲಿ."

ಅಡುಗೆಮನೆಗೆ ಓಡಿದೆ. ತೆಂಗಿನತುರಿ ಹಾಕಿದ ಅಣಬೆ ಸುಕ್ಕದ ಬಾಣಲೆ ಮುಚ್ಚಿತ್ತು. ಅಮ್ಮ ಉಂಡ ತಟ್ಟೆ ತೊಳೆದಿಟ್ಟು, ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು.

"ಎಂತಕ್ಕೆ ಗಾಬರಿ ಮಾರಾಯ? ನಿಮಗ್ಯಾರಿಗೂ ಬಡಿಸ್ಲಿಲ್ಲ. ನಾನು ತಿಂದು ಒಂದು ಗಂಟೆ ಆಯ್ತು. ಊಟದ ಹೊತ್ತಿನವರೆಗೆ ನನಗೆ ಎಂತದೂ ಆಗದಿದ್ರೆ ಮತ್ತೆ ನೀವು ತಿನ್ನಿ."

ಆಗ ನನಗೆ ಹೊಳೆಯಿತು. ಊರಿನಲ್ಲಿ ಎಲ್ಲರದಾದ ಮೇಲೆ ಉಣ್ಣುತ್ತಿದ್ದ ಅಮ್ಮ, ಅಣಬೆ ಮಾಡಿದ ದಿನ ಮಾತ್ರ ಮೊದಲೇ ಉಂಡಿರುತ್ತಿದ್ದಳು. ಅವಳಿಗೆ ಅಷ್ಟು ಆಸೆ ಎಂದು ನಾವು ಮಕ್ಕಳು ಗೇಲಿ ಮಾಡುತ್ತಿದ್ದೆವು. ಮನೆತನದ ಜ್ಞಾನವೆಂದು ನಾನು ಇಲ್ಲಿ ಮೆರೆಸುತ್ತಿದ್ದುದೆಲ್ಲ ಅವಳ ಹೊಟ್ಟೆಯ ಮೇಲೆ ನಡೆದ ಪರೀಕ್ಷೆಯಾಗಿತ್ತು.

ಆಸ್ಪತ್ರೆಗೆ ಹೊರಟ ಕಾರಿನಲ್ಲೇ ಅಮ್ಮನಿಗೆ ವಾಂತಿ ಶುರುವಾಯಿತು. ದಾರಿಯುದ್ದಕ್ಕೂ ನಾನು ಸಿಗ್ನಲ್‌ಗಳನ್ನು ಬೈದೆ. ಬೈಯಬೇಕಾದವನು ಸ್ಟಿಯರಿಂಗ್ ಹಿಡಿದಿದ್ದ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಸಂಜೆಯ ಹೊತ್ತಿಗೆ ಮಲಯಾಳಿ ಡಾಕ್ಟರು, ಇನ್ನು ಹೆದರಬೇಕಾಗಿಲ್ಲ ಎಂದಾಗ ನಾನು ಅತ್ತುಬಿಟ್ಟೆ.

ಮಂಚದ ಪಕ್ಕ ಕೂತು ಕೇಳಿದೆ. "ಇಷ್ಟು ವರ್ಷ ಹೀಗೇ ಮಾಡ್ತಿದ್ದದ್ದಾ ನೀನು? ಅಣಬೆ ಅಂದ್ರೆ ಅಷ್ಟು ಇಷ್ಟವಾ?"

"ನಂಗಾ?" ಅಮ್ಮ ಕಣ್ಣು ಮುಚ್ಚಿಕೊಂಡೇ ಅಂದಳು. "ಅದರ ವಾಸನೆಯೇ ನಂಗೆ ಆಗುದಿಲ್ಲ."