ರಿಪೇರಿಯವರು ಮನೆ ಖಾಲಿ ಮಾಡಿದ್ದು

ಹೊಲಿಗೆ ಯಂತ್ರ ರಿಪೇರಿ ಮಾಡುವ ಅವರನ್ನು ಬೀದಿಯವರೆಲ್ಲ ‘ರಿಪೇರಿಯವರು’ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳ ಹಿಂದೆ ಎರಡನೇ ಮಹಡಿಯ ಆ ಎರಡು ಕೋಣೆಯ ಮನೆಗೆ ಅವರು ಬಾಡಿಗೆಗೆ ಬಂದಾಗ ಬೀದಿಯಲ್ಲಿ ದೀಪದ ಕಂಬಗಳಿದ್ದವು, ದೀಪಗಳಿರಲಿಲ್ಲ. ಹೆಂಡತಿಯ ಅಣ್ಣ ಒಮ್ಮೆ ಚಪ್ಪಲಿ ಕೈಯಲ್ಲಿ ಹಿಡಿದು ಮೋರಿ ದಾಟಿ ಬಂದವರು, “ಭಾವ, ನನ್ನ ತಂಗೀನ ಇಲ್ಲಿಡೋ ಬದಲು ನಮ್ಮನೆಗೇ ವಾಪಸ್ ಕಳಿಸ್ಬಿಡಿ,” ಎಂದು ಹೇಳಿ ಹೋಗಿದ್ದರು.

ಆಮೇಲೆ ಬೀದಿಗೆ ಒಳ್ಳೆಯ ಕಾಲ ಬಂತು. ಮೋರಿಗೆ ಚಪ್ಪಡಿ ಬಿತ್ತು. ಹಳೆಯ ಗೋದಾಮಿನಲ್ಲಿ ಕಾಫಿ ಅಂಗಡಿಯಾಯಿತು. ಅಲ್ಲಿ ಒಂದು ಕುರ್ಚಿಯಂತೆ ಇನ್ನೊಂದಿಲ್ಲ, ಅದೇ ಅದರ ಹೆಚ್ಚುಗಾರಿಕೆಯಂತೆ. ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ಆನೆಗಾತ್ರದ ಹಕ್ಕಿಗಳು ಬಂದು ಕೂತವು. ರಿಪೇರಿಯವರಿಗೂ ಖುಷಿಯಾಯಿತು. ಹೆಂಡತಿಯ ಅಣ್ಣನಿಗೆ ಫೋನು ಮಾಡಿ, “ಈಗ ಚಪ್ಪಲಿ ಹಾಕ್ಕೊಂಡೇ ಬರಬಹುದು,” ಎಂದರು. ಬೀದಿಗೆ ಒಳ್ಳೆಯದಾದರೆ ಅದರಲ್ಲಿ ತಮಗೂ ಒಂದು ತುತ್ತು ಇರುತ್ತದೆ ಎಂದು ನಂಬುವವರ ಪೈಕಿ ಅವರು. ನಾವೆಲ್ಲ ನಂಬುವುದಿಲ್ಲವೇ, ಹಾಗೆ.

ಮನೆಯ ಹಳೆಯ ಯಜಮಾನರು ತೀರಿಕೊಂಡು ಮಗ ಯಜಮಾನನಾದ ಮೂರನೇ ತಿಂಗಳಿಗೇ ಬಂದು, ಬಾಡಿಗೆ ಇನ್ನು ಎರಡರಷ್ಟು, ಆಗದಿದ್ದರೆ ತಿಂಗಳ ಕೊನೆಗೆ ಮನೆ ಬಿಡಬೇಕು ಎಂದ.

“ಬೀದಿ ಎಷ್ಟು ಸುಧಾರಿಸಿದೆ ನೋಡಿ, ಅಂಕಲ್.”

“ಬೀದಿ ಸುಧಾರಿಸಿದ್ದು ಸರಿಯಪ್ಪ. ನಾನೆಲ್ಲಿ ಸುಧಾರಿಸಿದೀನಿ?”

ಮರುದಿನದಿಂದಲೇ ಬ್ರೋಕರ್ ಮನೆ ನೋಡುವವರನ್ನು ಕರೆತರತೊಡಗಿದ. ಕಿಟಕಿ ಪಕ್ಕದ ಮೇಜಿನ ಮೇಲೆ ಯಂತ್ರವೊಂದನ್ನು ಬಿಚ್ಚಿಟ್ಟುಕೊಂಡಿದ್ದ ರಿಪೇರಿಯವರು ಎದ್ದು ದಾರಿ ಬಿಟ್ಟರೆ, ಆತ ಕಿವಿಯಲ್ಲಿ, “ನೀವು ಏಳ್ಬೇಡಿ ಅಂಕಲ್, ಕೆಲಸ ಮಾಡ್ತಾ ಇರಿ. ಮನೆಗೊಂದು ಕಳೆ ಬರುತ್ತೆ,” ಎಂದ. ಬಂದವರು ಅವರ ಫೋಟೊ ತೆಗೆದುಕೊಂಡರು. ಹೊರಗೆ ಹಾಕಿಸಿಕೊಳ್ಳುವ ಮನುಷ್ಯನನ್ನೇ ಮನೆಗೆ ತೋರಣವಾಗಿ ಕಟ್ಟಿದ ಹಾಗಾಯಿತು.

“ಹಲ್ಲು ಕಿರೀರಿ, ಇನ್ನೊಂದು ಫೋಟೊ ಬರ್ಲಿ,” ಎಂದು ಹೆಂಡತಿ ಅಡುಗೆಮನೆಯಿಂದಲೇ ಚುಚ್ಚಿದಳು.

ರಿಪೇರಿಯವರು ಗಿರಾಕಿಗೆ ಯಂತ್ರದ ದೋಷ ಮುಚ್ಚಿಟ್ಟವರಲ್ಲ. ಮನೆಯ ವಿಷಯದಲ್ಲೂ ಅದೇ ನಿಯಮ ಹಿಡಿದರು; ದೋಷ ಕೇಳಿ ಓಡಿಹೋದರೆ ಹೋಗಲಿ ಎಂಬ ಆಸೆಯೂ ಇತ್ತೆನ್ನಿ. ಗಂಡ ಹೆಂಡತಿ ಇಬ್ಬರೂ ಒಂದೇ ಬಗೆಯ ದುಂಡು ಕನ್ನಡಕ ಹಾಕಿಕೊಂಡ ಜೋಡಿಯೊಂದು ಬಂದಾಗ ಹೇಳಿದರು: “ಮಧ್ಯಾಹ್ನ ಪೈಪು ಗೊರಕೆ ಹೊಡೆಯುತ್ತೆ. ಗೋಡೆ ಕೆಳಗಿನ ಮನೆ ಜಗಳಾನೆಲ್ಲ ಬಿಡದೆ ಕೇಳಿಸುತ್ತೆ.”

“ಎಷ್ಟು ಜೀವಂತಿಕೆ ಇದೆ,” ಎಂದಳು ಹುಡುಗಿ, ಗೋಡೆ ಸವರುತ್ತ. ಆಮೇಲೆ ಅಕ್ಕರೆಯಿಂದಲೇ ಕೇಳಿದಳು, “ಊರಲ್ಲಿ ಮಗಳ ಮನೆ ಹತ್ತಿರ ಹೋಗ್ತಿದೀರಂತೆ? ಒಳ್ಳೇದಾಯ್ತು.”

ರಿಪೇರಿಯವರಿಗೆ ಮಗಳೇ ಇರಲಿಲ್ಲ. ಬ್ರೋಕರ್ ಛಾವಣಿ ನೋಡತೊಡಗಿದ.

“ಹೋಗ್ತಿಲ್ಲಮ್ಮ, ಕಳಿಸ್ತಿದಾರೆ,” ಎಂದರು.

ಹುಡುಗಿಯ ಮುಖ ಸಪ್ಪಗಾಯಿತು. ಇಬ್ಬರೂ ನಿಜವಾಗಿಯೇ ನೊಂದುಕೊಂಡರು. ನೊಂದುಕೊಂಡೇ ಸಂಜೆ ಮುಂಗಡ ಕೊಟ್ಟರು.

ರಿಪೇರಿಯವರ ಪಿತ್ತ ನೆತ್ತಿಗೇರಿದ್ದು ಆಗ. ಅವರ ಕಸುಬಿನಲ್ಲಿ ಒಂದು ಪದ್ಧತಿ: ಹೊಸ ಬಿಡಿಭಾಗ ಹಾಕಿದರೆ, ತೆಗೆದ ಹಳೆಯದನ್ನು ಗಿರಾಕಿಯ ಕೈಗೇ ಕೊಡಬೇಕು, ಸುಳ್ಳು ಹೇಳಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಹಳೆಯ ಯಜಮಾನರು ಮನೆಗೆ ಒಂದು ಮೊಳೆಯನ್ನೂ ಹೊಡೆಸಿದವರಲ್ಲ, ಹಳೆಯ ತುಂಡು ಕೊಡಲು ಹೋದರೆ ತೆಗೆದುಕೊಂಡವರೂ ಅಲ್ಲ. ಹಾಗಾಗಿ ರಿಪೇರಿಯವರು ತಮ್ಮ ದುಡ್ಡಿನಿಂದ ಹೊಸ ನಲ್ಲಿ, ಚಿಲಕ, ಬಾಗಿಲ ತಿರುಗಣಿ ಹಾಕಿಸಿದಾಗ ತೆಗೆದ ಹಳೆಯ ತುಂಡುಗಳೆಲ್ಲ ಮಂಚದ ಕೆಳಗಿನ ಡಬ್ಬದಲ್ಲಿ ಚೀಟಿ ಕಟ್ಟಿಕೊಂಡು ಕೂತಿದ್ದವು.

ಮೂರು ದಿನ ಕೂತು ಹೊಸದನ್ನೆಲ್ಲ ಬಿಚ್ಚಿ ಹಳೆಯದನ್ನು ಸಿಕ್ಕಿಸಿದರು. ಬಚ್ಚಲಿನಲ್ಲಿ ಸೋರುವ ಹಿತ್ತಾಳೆ ನಲ್ಲಿ, ಬಾಗಿಲಿಗೆ ಮುರಿದ ಚಿಲಕ. ಕೀಲಿಕೈ ಕೊಡುವ ದಿನ ಯಜಮಾನನನ್ನು ನಿಲ್ಲಿಸಿ, “ನೋಡಪ್ಪ, ನಿಮ್ಮಪ್ಪ ಕೊಟ್ಟ ಮನೆ ಇದು. ಕೊಟ್ಟ ಹಾಗೇ ವಾಪಸ್ ಕೊಟ್ಟಿದೀನಿ. ನನ್ನದು ನಾನು ತಗೊಂಡಿದೀನಿ,” ಎಂದರು. ಈ ಒಂದು ಮಾತಿಗಾಗಿ ಮೂರು ದಿನ ಸೊಂಟ ಹಿಡಿದುಕೊಂಡಿತ್ತು.

ಯಜಮಾನ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ಕನ್ನಡಕದ ಜೋಡಿಯಲ್ಲಿ ಹುಡುಗ ಬಚ್ಚಲಿನಿಂದ ಹುಡುಗಿಯನ್ನು ಕೂಗಿದ. “ಅಸಲಿ ಹಿತ್ತಾಳೆ ನಲ್ಲಿ ಕಣೇ! ಇಂಥದ್ದು ಈಗ ಎಲ್ಲೂ ಸಿಗಲ್ಲ.”

ಯಜಮಾನ ಸೋರುವ ನಲ್ಲಿಯನ್ನು ಒಂದು ಗಳಿಗೆ ನೋಡಿದ. “ಹೌದು,” ಎಂದ, “ಅದನ್ನೆಲ್ಲ ನಾವು ಹಾಗೇ ಕಾಪಾಡ್ಕೊಂಡು ಬಂದಿದೀವಿ.”

ರಿಪೇರಿಯವರು ಕೀಲಿಕೈ ಅವನ ಕೈಗಿಟ್ಟರು. ಹತ್ತೊಂಬತ್ತು ವರ್ಷ ಮನೆಯನ್ನು ಕಾಪಾಡಿದ್ದಕ್ಕೆ ಬಾಡಿಗೆ ಕೊಟ್ಟವರು ಅವರು, ಮೂರು ದಿನದಲ್ಲಿ ಹಾಳುಗೆಡವಿದ್ದರ ಲಾಭ ಯಜಮಾನನಿಗೆ. ಮೆಟ್ಟಿಲಿಳಿಯುವಾಗ ಹೆಂಡತಿಯೇ ಯಜಮಾನನ ಕಡೆ ತಿರುಗಿ, “ನಿಮ್ಮಪ್ಪ ಜಿಪುಣರಾಗಿದ್ರು, ಆದ್ರೆ ಸುಳ್ಳು ಹೇಳ್ತಿರಲಿಲ್ಲ,” ಎಂದಳು.

ಸಿಕ್ಕಿದ ಹೊಸ ಮನೆ ಮೂರು ಬಸ್ಸು ಬದಲಾಯಿಸುವಷ್ಟು ದೂರ. ಬೀದಿಯಲ್ಲಿ ಗುಂಡಿ, ಗೋಡೆಯಲ್ಲಿ ಹಕ್ಕಿ ಇಲ್ಲ, ಹಲ್ಲಿ ಇದೆ. ಮೊದಲ ದಿನವೇ ಬಾಗಿಲು ಕಿರ್ರೆಂದಿತು. ರಿಪೇರಿಯವರ ಕೈ ಎಣ್ಣೆ ಡಬ್ಬಿಗೆ ತಾನಾಗಿ ಹೋಯಿತು.

“ಮುಟ್ಟಿದ್ರೆ ನೋಡಿ,” ಎಂದಳು ಹೆಂಡತಿ, ಗಂಟು ಬಿಚ್ಚುತ್ತ. “ಕೈ ಕಟ್ಕೊಂಡು ಕೂತ್ಕೊಳ್ಳಿ. ಈ ಬೀದೀನೂ ಸುಧಾರಿಸಿಬಿಟ್ಟೀರ.”

ರಿಪೇರಿಯವರು ಕೈ ಕಟ್ಟಿ ಕೂತರು. ಬಾಗಿಲು ಗಾಳಿಗೆ ಮತ್ತೆ ಕಿರ್ರೆಂದಿತು. ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡರು.