ತಾಮ್ರದ ಮೇಡಂ
ಪಾಳ್ಯದವರ ಬಾಯಲ್ಲಿ ಗಗನಾ ಎಂದರೆ 'ತಾಮ್ರದ ಮೇಡಂ'. ತಾಮ್ರದ ಸಹವಾಸದಲ್ಲಿ ಎರಡು ರಾಸಾಯನಿಕಗಳು ಕೂಡಿ ಮೂರನೆಯದಾಗುವಾಗ, ನಡುವೆ ಇನ್ನೊಂದು ಹುಟ್ಟಿ ಕಣ್ಣು ಮಿಟುಕಿಸುವುದರೊಳಗೆ ಮಾಯವಾಗುತ್ತದಂತೆ. ಹಾಸನದ ಪ್ರಯೋಗಾಲಯದಲ್ಲಿ ದ್ರಾವಣವನ್ನು ಹಿಮಕ್ಕಿಂತ ತಣ್ಣಗೆ ಮಾಡಿ, ಬೆಳಕು ಹಾಯಿಸಿ, ಆ ಕ್ಷಣಜೀವಿಯನ್ನು ಹಿಡಿಯುವುದೇ ಅವಳ ಉದ್ಯೋಗ. ಶನಿವಾರ ಊರಿಗೆ ಬಂದರೂ ಚಾಳಿ ಬಿಡದು. ದೋಸೆ ಹುಯ್ದರೆ, ಅದಕ್ಕೆ ತೂತು ಬೀಳುವ ಗಳಿಗೆಯನ್ನೇ ನೋಡುತ್ತ ಸೀಯಿಸಿಬಿಡುತ್ತಾಳೆ. ಕಾಫಿ ತೋಟಕ್ಕೆ ಹೊಡೆಯಲು ಮೈಲುತುತ್ತಕ್ಕೆ ಸುಣ್ಣದ ನೀರು ಬೆರೆಸುವವರನ್ನು "ನಿಧಾನ ಕಣ್ರೀ, ಬಣ್ಣ ತಿರುಗೋದು ನೋಡ್ಬೇಕು" ಎಂದು ತಡೆಯುತ್ತಾಳೆ. "ಹಾಲು ಉಕ್ಕೋದೊಂದು ಬುಟ್ಟು ಎಲ್ಲಾ ಕಾಣ್ತೈತೆ ಇವಳಿಗೆ" ಎಂದು ತಾಯಿ ಕಮಲಮ್ಮ ಗೊಣಗುತ್ತಾರೆ. ಬಂದ ಕೂಡಲೇ ಜಗಲಿಯ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ಕನ್ನಡಿಯಂತೆ ತಿಕ್ಕುವುದಂತೂ ತಪ್ಪುವುದಿಲ್ಲ. ಮನೆಯಲ್ಲೂ ಅದೇ ಹುಚ್ಚು ಎಂದು ಊರು ನಗುತ್ತದೆ. ಆಮೇಲೆ ಬಿಂದಿಗೆಗೆ ಮುಖ, ಅಪ್ಪನಿಗೆ ಬೆನ್ನು ಮಾಡಿ ಕೂತು ವಾರದ ಕೆಲಸವನ್ನೆಲ್ಲ ಹೇಳುತ್ತಾಳೆ. ಅಪ್ಪ ಬೋರಯ್ಯ ಮಕ್ಕಳೆದುರು ನಗುವವರಲ್ಲ. "ಈ ಸಲ ಹಿಡ್ದೆ ಕಣಪ್ಪ, ನಾಲ್ಕು ಸೆಕೆಂಡ್ ಇತ್ತು" ಎಂದರೆ "ಸರಿ, ಊಟಕ್ಕೇಳು" ಎನ್ನುತ್ತಾರೆ, ಅಷ್ಟೆ. ತಿರುಗಿ ನೋಡಿದವರಿಗೆ ಸಿಗುವುದು ಗಂಟುಮುಖವೇ. ಅದು ಗೊತ್ತಿದ್ದೇ ಗಗನಾ ತಿರುಗುವುದಿಲ್ಲ. ಬಿಂದಿಗೆಯ ಹೊಳೆಯುವ ಹೊಟ್ಟೆಯಲ್ಲಿ, ಅಪ್ಪನ ಮೀಸೆಯಡಿ ನಗುವೊಂದು ಬಂದು ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿಕೊಳ್ಳುತ್ತಾಳೆ.