ಕೊಟ್ಟರೆ ಚಿಗುರದ ಮಲ್ಲಿಗೆ

ನನ್ನ ಕೆಲಸ ಏನೆಂದು ನೆಂಟರು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟುಬಿಡುತ್ತಿದ್ದಳು. “ಮಂದಿ ಮನಿ ಮುಂದಿನ ಎಲಿ ಹರಕೊಂಡು ಹೋಗ್ತಾಳ. ಅದಕ್ಕ ಪಗಾರ ಬ್ಯಾರೆ ಕೊಡ್ತಾರ.” ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಡಾಕ್ಟರೇಟ್ ಮಾಡಿದ ಮಗಳನ್ನು ಮೇಕೆಯ ಸಾಲಿಗೆ ಸೇರಿಸುತ್ತಾಳಲ್ಲ ಎಂದು ಉರಿಯುತ್ತಿತ್ತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹಡಗಲಿ ಮಲ್ಲಿಗೆಯ ಘಮ ಹುಟ್ಟುಗುಣವೋ ಮಣ್ಣಿನ ಗುಣವೋ ಎಂಬುದು ನಮ್ಮ ಸಂಶೋಧನೆಯ ಪ್ರಶ್ನೆ. ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಹೊಲ ಹಿತ್ತಲು ತಿರುಗಿ ಮಲ್ಲಿಗೆ ಗಿಡಗಳ ಎಲೆ ತರಬೇಕು. ಗಿಡ ನಿಂತ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಬೇಕು. ಲ್ಯಾಬಿನಲ್ಲಿ ಎಲೆಯ ಡಿಎನ್‌ಎ ಓದಬೇಕು. ಕೊನೆಗೆ ಯಾವ ಗಿಡ ಯಾವುದಕ್ಕೆ ಹತ್ತಿರದ್ದು ಎಂಬುದನ್ನು ಮಣ್ಣು, ನೀರು, ರಸ್ತೆಗಳ ನಕ್ಷೆಯ ಮೇಲೆ ಕೂಡಿಸಿ ನೋಡಬೇಕು. ಕೇಳಲು ದೊಡ್ಡ ವಿದ್ಯೆ. ಮಾಡುವಾಗ ಮುಕ್ಕಾಲು ಪಾಲು ಬಸ್ಸು ಕಾಯುವುದು ಮತ್ತು ಕಂಡವರ ಮನೆಯ ಚಹಾ ಕುಡಿಯುವುದು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಮಾತ್ರ ಕೆಲಸ ಶುರು ಮಾಡಿದ್ದೇ ನಮ್ಮ ಗಿಡದಿಂದ. ಕೂಡ್ಲಿಗಿಯ ನಮ್ಮ ಮನೆಯ ಕಾಂಪೌಂಡಿಗೆ ಒರಗಿಕೊಂಡು ಒಂದು ಮಲ್ಲಿಗೆ ಬಳ್ಳಿ ಇತ್ತು. ಅವ್ವ ಹಡಗಲಿ ತಾಲ್ಲೂಕಿನ ತನ್ನ ತವರೂರು ಇಟ್ಟಿಗಿಯಿಂದ ಮದುವೆಯಾಗಿ ಬರುವಾಗ ತಂದದ್ದು. ಕೂಡ್ಲಿಗಿಯ ಕೆಂಪು ಮಣ್ಣಿನಲ್ಲಿ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಹಾಕಿ ಅದನ್ನು ಸಾಕಿದ್ದಳು. ಬಳ್ಳಿಯ ಮಗ್ಗಿ ಬಿಡಿಸಿ ಮಾಲೆ ಕಟ್ಟುತ್ತಾ ಕೂತರೆ ಅವಳಿಗೆ ಗಂಡ ಮಕ್ಕಳು ಯಾರೂ ನೆನಪಾಗುತ್ತಿರಲಿಲ್ಲ. ನಾನು ಚೀಟಿ ಅಂಟಿಸಿದ ಪ್ಲಾಸ್ಟಿಕ್ ಕೊಟ್ಟೆ ಹಿಡಿದು ನಿಂತು, ಕೆಲಸದ ಗತ್ತಿನಲ್ಲೇ ಕೇಳಿದೆ, “ಇದು ಎಲ್ಲಿಂದ ಬಂದ ಗಿಡ?”

“ನಮ್ಮವ್ವ ಕೊಟ್ಟಿದ್ದು. ಗೊತ್ತಿಲ್ಲೇನು ನಿನಗ?”

“ಗೊತ್ತಿದ್ರೂ ಕೇಳಬೇಕು. ಅದು ಪದ್ಧತಿ.”

“ಎಲಿ ಯಾಕ ಒಯ್ತಿ? ಒಂದು ಮೊಳ ಹೂವರ ಒಯ್ಯಿ, ಲ್ಯಾಬಿನ್ಯಾಗ ನಾಲ್ಕು ಹೆಣ್ಮಕ್ಕಳು ಮುಡ್ಕೊಳ್ಳಲಿ.”

ಎಲೆಗಳನ್ನು ಸಿಲಿಕಾ ಹರಳುಗಳ ಜೊತೆ ಕೊಟ್ಟೆಗೆ ಹಾಕಿದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಪುಟ್ಟ ಪೊಟ್ಟಣದೊಳಗೆ ಇರುತ್ತವಲ್ಲ, ಅದೇ ಹರಳು. ಎಲೆ ಕೊಳೆಯದೆ ಒಣಗುತ್ತದೆ. ಹೂವನ್ನೂ ಒಯ್ದೆ.

ಆಮೇಲೆ ಊರೂರು ಸುತ್ತಿದೆ. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ, ಎಲ್ಲಿಂದ ಬಂದ ಗಿಡ. ಉತ್ತರಗಳೂ ಹೆಚ್ಚು ಕಡಿಮೆ ಒಂದೇ. ತವರಿನಿಂದ ಬಂತು, ಸಂತೆಯಲ್ಲಿ ಕೊಂಡೆವು, ನರ್ಸರಿಯಿಂದ ತಂದೆವು. ನರ್ಸರಿ ಅನ್ನುವಾಗ ಹೆಂಗಸರು ಒಂಚೂರು ಗಟ್ಟಿಯಾಗಿ ಅನ್ನುತ್ತಿದ್ದರು. ದುಡ್ಡು ಕೊಟ್ಟು ತಂದ ಹೆಮ್ಮೆ ಇರಬೇಕು ಎಂದುಕೊಂಡು ನಾನು ಮುಂದಿನ ಮನೆಗೆ ನಡೆಯುತ್ತಿದ್ದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ಒಬ್ಬ ಗೃಹಿಣಿಯಂತೂ ನಾನು ಕೇಳುವುದಕ್ಕೆ ಮೊದಲೇ “ನರ್ಸರಿದ್ರಿ ಇದು” ಎಂದು ಹೇಳಿ ಮಂಡಕ್ಕಿ ಒಗ್ಗರಣೆ ತಂದಿಟ್ಟಿದ್ದರು. ಅವರ ಬಳ್ಳಿ ಸಿಮೆಂಟ್ ಕಂಬ ಹತ್ತಿ ಮಾಳಿಗೆ ಮುಟ್ಟಿತ್ತು.

ಎಲೆ ಕೂಡಿಸುವ ಕೆಲಸ ಮುಗಿಯುತ್ತಾ ಬಂದಾಗ ನಮ್ಮ ಮನೆಯ ಗಿಡ ಸತ್ತುಹೋಯಿತು. ನನ್ನ ತಮ್ಮ ಮನೆಗೆ ಮುಂದಿನ ಕೋಣೆ ಕಟ್ಟಿಸುತ್ತಿದ್ದ. ಗಾರೆಯವರು ದಿನಾ ಸಂಜೆ ಪುಟ್ಟಿ ತೊಳೆದ ಸಿಮೆಂಟ್ ನೀರನ್ನು ಗಿಡದ ಬುಡಕ್ಕೇ ಸುರಿದಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ. ಯಾರಾದರೂ ಗಮನಿಸುವಷ್ಟರಲ್ಲಿ ಬಳ್ಳಿ ಸೌದೆಯಾಗಿತ್ತು.

ಅವ್ವ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರುಕಟ್ಟೆಯಿಂದ ಹೂ ತಂದು ದೇವರಿಗೆ ಏರಿಸುತ್ತಿದ್ದಳು, ತಾನು ಮಾತ್ರ ಮುಡಿಯುತ್ತಿರಲಿಲ್ಲ. ಅಪ್ಪ ಒಂದು ಸಲ ತಾನೇ ಹೋಗಿ ಹೂ ತಂದುಕೊಟ್ಟರೂ ದೇವರ ಪಟದ ಕಡೆಗೇ ಹೋಯಿತು. ಇಟ್ಟಿಗಿಯ ತವರಿನಲ್ಲಿ ಮೂಲ ಗಿಡ ಯಾವಾಗಲೋ ಹೋಗಿತ್ತು, ಅಜ್ಜಿ ಹೋದಮೇಲೆ ಆ ಹಿತ್ತಲಿಗೂ ಮೆಕ್ಕೆಜೋಳ ಬಂದಿತ್ತು. ಅವ್ವ ಕೈಯಾರೆ ಟೊಂಗೆ ಕೊಟ್ಟ ಓಣಿಯ ಮನೆಗಳಿಗೆಲ್ಲ ಹೋಗಿ ಬಂದಳು.

“ಒಬ್ಬರ ಮನ್ಯಾಗೂ ಇಲ್ಲ,” ಅಂದಳು. “ಕೊಟ್ಟಿದ್ದು ಒಂದೂ ಹತ್ತಿಲ್ಲ.”

ಬೇರೂರಿಲ್ಲ ಎಂಬ ಮಾತಿಗೆ ನಮ್ಮ ಕಡೆ ಹತ್ತಿಲ್ಲ ಎನ್ನುತ್ತಾರೆ. ಆ ಮಾತು ಮುಗಿಸಿ ನನ್ನ ಕಡೆ ತಿರುಗಿದಳು.

“ನೀ ಒಯ್ದಿದ್ದೆಲ್ಲ ಎಲಿ. ಐತೇನು?”

“ಐತವ್ವ. ಫ್ರಿಡ್ಜಿನ್ಯಾಗ ಐತಿ.”

“ಅದರಿಂದ ಗಿಡ ಬರಂಗಿಲ್ಲೇನು?”

“ಒಣ ಎಲಿ ಅದು. ಬರಂಗಿಲ್ಲ.”

“ಹಂಗಾರ ಅದನ್ನ ಇಟ್ಕೊಂಡು ಏನ್ ಮಾಡ್ತಿ?”

ಡಾಕ್ಟರೇಟ್ ಪ್ರಬಂಧ ಒಪ್ಪಿಸುವಾಗ ಎದುರು ಕೂತ ಹಿರಿಯರು ಕೇಳಿದ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಟ್ಟವಳು ನಾನು. ಅವತ್ತು ಅವ್ವನ ಪ್ರಶ್ನೆಗೆ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟೆ. ತುಂಬ ಬೇಜಾರಾಯಿತು.

ಫಲಿತಾಂಶ ಬರತೊಡಗಿತು. ಮೊದಲ ಸುತ್ತಿನಲ್ಲಿ ಐದೂ ತಾಲ್ಲೂಕಿನ ಮಲ್ಲಿಗೆ ಬಹುಪಾಲು ಒಂದೇ ಎಂದು ಕಂಡಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ಮಲ್ಲಿಗೆಯನ್ನು ಯಾರೂ ಬೀಜ ಹಾಕಿ ಬೆಳೆಸುವುದಿಲ್ಲ, ಟೊಂಗೆ ಮುರಿದು ಊರುತ್ತಾರೆ. ಹಾಗೆ ಬಂದದ್ದು ಆ ಗಿಡದ ಮಗಳಲ್ಲ, ಅದೇ ಗಿಡ. ನಾನು ಖುಷಿಯಿಂದ ಫೋನ್ ಮಾಡಿ, ಅವ್ವಾ, ಎಲ್ಲಾ ಕಡೆ ಇರುವುದು ನಿನ್ನ ಗಿಡವೇ, ಎಲ್ಲಿಂದ ತಂದು ನೆಟ್ಟರೂ ನಡೆಯುತ್ತದೆ ಎಂದೆ. “ಎಲ್ಲಾ ಮಕ್ಕಳೂ ಮಕ್ಕಳ, ಹಂಗಂತ ಯಾರರ ಮಗಳನ್ನ ಕರಕೊಂಡು ಬಂದು ಮನ್ಯಾಗ ಇಟ್ಕೊಳ್ಳಾಕ ಆಕ್ಕೈತೇನು?” ಎಂದು ಫೋನ್ ಇಟ್ಟಳು.

ಎರಡನೆಯ ಸುತ್ತಿನಲ್ಲಿ ಡಿಎನ್‌ಎಯನ್ನು ಇನ್ನೂ ಸೂಕ್ಷ್ಮವಾಗಿ, ಅಕ್ಷರ ಅಕ್ಷರ ಬಿಡದೆ ಓದಿಸಿದೆವು. ಒಂದು ಹಾಡನ್ನು ಕೈಯಲ್ಲಿ ನಕಲು ಮಾಡುವಾಗ ಎಲ್ಲೋ ಒಂದಕ್ಷರ ತಪ್ಪುತ್ತದೆ. ಆ ಪ್ರತಿ ನೋಡಿ ಬರೆದವರು ಆ ತಪ್ಪನ್ನೂ ಬರೆಯುತ್ತಾರೆ. ಗಿಡವೂ ಹಾಗೆಯೇ. ವರ್ಷಾನುಗಟ್ಟಲೆ ಒಂದೇ ಅಂಗಳದಲ್ಲಿ ಬೆಳೆಯುವಾಗ ಅದರಲ್ಲಿ ಸಣ್ಣ ಸಣ್ಣ ತಪ್ಪುಗಳು ಸೇರುತ್ತವೆ. ಅದರ ಟೊಂಗೆ ಎಲ್ಲಿಗೆ ಹೋದರೂ ಆ ತಪ್ಪು ಜೊತೆಗೆ ಹೋಗುತ್ತದೆ. ಅವ್ವನ ಗಿಡಕ್ಕೂ ಅಂಥ ಗುರುತುಗಳಿದ್ದವು. ಅಷ್ಟೂ ಗುರುತು ಹಾಗೇ ಇದ್ದದ್ದು ಇನ್ನೊಂದೇ ಎಲೆಯಲ್ಲಿ. ಅದು ತಂಬ್ರಹಳ್ಳಿಯ ನರ್ಸರಿ ಗಿಡ.

ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಎರಡು ಎಲೆ ಎಲ್ಲೋ ಕಲಸಿಹೋಗಿವೆ ಎಂದೇ ತೀರ್ಮಾನಿಸಿದೆ. ನನ್ನ ಕೈ ತಪ್ಪಿಲ್ಲ ಎಂಬ ಜಂಬ ಒಂದು ಕಡೆ, ತಪ್ಪಿದ್ದರೆ ಎಲ್ಲ ಹಾಳಾಯಿತು ಎಂಬ ಹೆದರಿಕೆ ಇನ್ನೊಂದು ಕಡೆ. ಉಳಿದ ಎಲೆಗಳಿಂದ ಮತ್ತೆ ಡಿಎನ್‌ಎ ತೆಗೆದೆ. ಮತ್ತೆ ಅದೇ ಬಂತು. ನಕ್ಷೆಯೂ ದಾರಿಗೆ ಬರಲಿಲ್ಲ. ಹತ್ತಿರದ ಸಂಬಂಧದ ಗಿಡಗಳಿಗೆ ಒಂದೇ ಬಣ್ಣ ಕೊಟ್ಟಿದ್ದೆ, ಆ ಚುಕ್ಕಿಗಳು ಎರೆ ಮಣ್ಣು, ಕೆಂಪು ಮಣ್ಣು, ಕಾಲುವೆ ಯಾವುದಕ್ಕೂ ಸೊಪ್ಪು ಹಾಕದೆ ಎಲ್ಲೆಲ್ಲೋ ಕೂತಿದ್ದವು. ಜನ ಹೇಳಿದ್ದು ಏರಿಗೆ ಎಳೆದರೆ ಡಿಎನ್‌ಎ ನೀರಿಗೆ ಎಳೆಯುತ್ತಿತ್ತು. ಹೊಸ ಎಲೆ ತಂದರೆ ತೀರುತ್ತದೆ ಎಂದು ತಂಬ್ರಹಳ್ಳಿಗೆ ಹೊರಟೆ.

ಆ ಗೃಹಿಣಿ ಗುರುತು ಹಿಡಿದು, “ಬರ್ರಿ ಮೇಡಂ, ಎಲಿ ಸಾಲಲಿಲ್ಲೇನ್ರಿ?” ಎಂದು ನಕ್ಕರು. ನನ್ನಷ್ಟೇ ವಯಸ್ಸಿನವರು, ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವರು. ನಾನು ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದೆ.

“ನೋಡ್ರಿ, ಇದು ನಿಮ್ಮ ಗಿಡ. ಇಲ್ಲಿ ಕೂಡ್ಲಿಗ್ಯಾಗ ಇನ್ನೊಂದು. ಎರಡೂ ಒಂದ ಅಂತ ಬರಾಕತ್ತೈತಿ. ಯಾವ ನರ್ಸರಿ ಅಂತ ನೆನಪೈತೇನ್ರಿ?”

ಅವರು ಚುಕ್ಕಿಯನ್ನೇ ನೋಡಿದರು. “ಕೂಡ್ಲಿಗ್ಯಾಗ ಯಾರ ಮನಿದ್ರಿ ಅದು?”

“ನಮ್ಮವ್ವಂದು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಕಾಂಪೌಂಡ್ ದಾಟಿ ಓಣಿಗೆ ಬಾಗಿತ್ತಲ್ರಿ, ಆ ಗಿಡ?” ಎಂದರು.

ನಮ್ಮ ಪಕ್ಕದ ಮನೆಯ ಸೀಮಂತಕ್ಕೆ ಬಂದಿದ್ದರಂತೆ. ಊಟ ಮುಗಿಸಿ ಕೈ ತೊಳೆಯಲು ಹೊರಗೆ ಬಂದಾಗ ಘಮ ಬಂತು. ಟೊಂಗೆ ಮುರಿದು, ಒದ್ದೆ ಕರ್ಚೀಫಿನಲ್ಲಿ ಸುತ್ತಿ, ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ ಹತ್ತಿದರು.

“ಕೇಳಿದ್ರ ಕೊಡ್ತಿದ್ರು ಬಿಡ್ರಿ. ಆದ್ರ ಕೊಟ್ಟ ಗಿಡ ಹತ್ತಲ್ಲ, ಕದ್ದಿದ್ದ ಹತ್ತತೈತಿ ಅಂತಾರಲ್ರಿ. ಅದಕ್ಕ…” ಎಂದು ನಿಲ್ಲಿಸಿ ಗಾಬರಿಯಿಂದ ನನ್ನ ಯಂತ್ರದ ಕಡೆ ನೋಡಿದರು. “ಅದರಾಗ ಕಳ್ಳತನಾನೂ ಕಾಣತೈತೇನ್ರಿ? ಕೇಸ್ ಗೀಸ್ ಆಕ್ಕೈತೇನು?”

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅವರ ಕೈ ಹಿಡಿದುಕೊಂಡು, ನಮ್ಮ ಗಿಡ ಸತ್ತುಹೋಗಿದೆ, ಅವ್ವ ಹೂ ಮುಡಿಯುವುದನ್ನೇ ಬಿಟ್ಟಿದ್ದಾಳೆ, ನೀವು ಕದಿಯದೆ ಇದ್ದಿದ್ದರೆ ಅದು ಈ ಭೂಮಿಯ ಮೇಲೆ ಎಲ್ಲೂ ಇರುತ್ತಿರಲಿಲ್ಲ ಎಂದು ಹೇಳಿದೆ. ಅವರ ಕಣ್ಣಲ್ಲೂ ನೀರು ಬಂತು. “ಬೇರು ಸಮೇತ ಒಯ್ಯಿರಿ ಬೇಕಾರ,” ಎಂದರು.

ಮರುದಿನವೇ ಅವ್ವನನ್ನು ಕರೆತಂದೆ. ದಾರಿಯುದ್ದಕ್ಕೂ ಅವಳು ನಂಬಲಿಲ್ಲ, ನಿನ್ನ ಯಂತ್ರ ಏನು ಹೇಳುತ್ತದೋ ಎನ್ನುತ್ತಿದ್ದಳು. ತಂಬ್ರಹಳ್ಳಿಯ ಆ ಮನೆಯ ಮುಂದೆ ಆಟೊ ಇಳಿದು, ಬಳ್ಳಿಯಿಂದ ಒಂದು ಮಗ್ಗಿ ಬಿಡಿಸಿ ಮೂಗಿಗೆ ಹಿಡಿದಳು. ಎಷ್ಟೋ ಹೊತ್ತು ಹಾಗೇ ನಿಂತಳು. “ಹೂಂ,” ಅಂದಳು ಅಷ್ಟೇ. ಮನೆಯಾಕೆ ಆಗಲೇ ನಾಲ್ಕು ಟೊಂಗೆ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಕುಬುಸದ ಬಟ್ಟೆ ಜೊತೆಗಿಟ್ಟು ತಂದರು.

ಅವ್ವ ಕುಬುಸದ ಬಟ್ಟೆ ತೆಗೆದುಕೊಂಡಳು, ಕುಂಕುಮ ಹಚ್ಚಿಕೊಂಡಳು. ಟೊಂಗೆಗಳನ್ನು ಮಾತ್ರ ತಟ್ಟೆಯಲ್ಲೇ ಬಿಟ್ಟಳು. “ಇವು ಬ್ಯಾಡ ತಂಗಿ.”

ಅವರ ಮುಖ ಸಣ್ಣದಾಯಿತು. ನಾನು ಹಲ್ಲು ಕಚ್ಚಿಕೊಂಡೆ. ಇಷ್ಟೆಲ್ಲ ಮಾಡಿ ಕರೆತಂದರೆ ಇಲ್ಲಿ ಬಂದು ಬಿಗುಮಾನ ಮಾಡುತ್ತಾಳಲ್ಲ ಎನಿಸಿತು. ಅವ್ವ ಕಟ್ಟೆಯ ಮೇಲೆ ಕೂತು ಬಹಳ ಮೆತ್ತಗೆ ಕೇಳಿದಳು, “ಒಂದೀಟು ಚಾ ಮಾಡ್ತೀಯೇನವ್ವ?”

ಆ ಹೆಣ್ಣುಮಗಳು ಒಂದು ಗಳಿಗೆ ಅವ್ವನನ್ನು ನೋಡಿದರು. ತಟ್ಟನೆ ಅವರ ಮುಖ ಅರಳಿತು. “ಮಾಡ್ತೀನ್ರಿ, ಹೊತ್ತಾಕ್ಕೈತಿ, ಕುಂದ್ರಿ,” ಎಂದು ಒಳಗೆ ಹೋದರು. ಕತ್ತರಿಯನ್ನು ಕಟ್ಟೆಯ ಮೇಲೇ ಮರೆತಿದ್ದರು. ಒಳಗಿನಿಂದ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಾ, “ಶುಂಠಿ ಹಾಕ್ಲೇನ್ರಿ?” ಎಂದು ಕೂಗಿದರು.

“ಹಾಕವ್ವ, ಚಲೋತ್ನಾಗಿ ಜಜ್ಜಿ ಹಾಕು,” ಎಂದು ಅವ್ವ ಕೂಗಿ ಹೇಳಿ ನನ್ನ ಕಡೆ ತಿರುಗಿದಳು. “ನೀ ಆ ಕಡಿ ನೋಡು.”

ನಾನು ಆ ಕಡೆ ನೋಡಿದೆ. ಎದುರಿನ ಮನೆಯವರು ಶೇಂಗಾ ಒಣಹಾಕಿದ್ದರು. ಬೆನ್ನ ಹಿಂದೆ ಕತ್ತರಿಯ ಸದ್ದು ಬಂತು. ಮೂವರೂ ಕೂತು ಶುಂಠಿ ಚಹಾ ಕುಡಿದೆವು, ಟೊಂಗೆಯ ಮಾತನ್ನು ಯಾರೂ ಎತ್ತಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಕೆಣಕಿದೆ. “ಕೊಟ್ಟಿದ್ದು ಹತ್ತಲ್ಲ ಅಂತಿ. ಮತ್ತ ಅಜ್ಜಿ ಕೊಟ್ಟಿದ್ದು ನಿನಗ ಹೆಂಗ ಹತ್ತಿತು?”

ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಆಕಿ ಎಲ್ಲಿ ಕೊಟ್ಟಳು? ನಾನ ಮುರಕೊಂಡಿದ್ದೆ. ಗಂಡನ ಮನಿಗೆ ಹೊಂಟಾಗ, ಎಲ್ಲಾರೂ ಅಳಾಕತ್ತಾಗ, ಹಿತ್ತಲಿಗೆ ಹೋಗಿ ಮುರಕೊಂಡು ಸೆರಗಿನ್ಯಾಗ ಮುಚ್ಚಿಟ್ಕೊಂಡೆ.”

“ಅಜ್ಜಿಗೆ ಗೊತ್ತಾಗಲಿಲ್ಲ?”

“ಬಾಗಲದಾಗ ನಿಂತಿದ್ಲು. ನೋಡಿದ್ಲು. ನೋಡಿ ಆ ಕಡಿ ತಿರುಗಿದ್ಲು.”

ಅವಳ ಮಡಿಲಲ್ಲಿ ಒದ್ದೆ ಬಟ್ಟೆಯ ಸುರುಳಿ ಇತ್ತು. ನಾನು ಅವಳ ಭುಜಕ್ಕೆ ತಲೆ ಇಟ್ಟೆ. ಅಷ್ಟು ವರ್ಷಗಳಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಬಸ್ಸಿನಲ್ಲಿ ಕೂತ ನೆನಪಿಲ್ಲ.

ಆಮೇಲೆ ಮತ್ತೊಂದು ಸುತ್ತು ಊರೂರು ಹೋಗಿ, ನರ್ಸರಿ ಎಂದು ಗಟ್ಟಿಯಾಗಿ ಹೇಳಿದ್ದ ಮನೆಗಳಲ್ಲಿ ಈ ಸಲ ನಗುತ್ತಾ ಕೇಳಿದೆ. ಮದುವೆಗೆ ಹೋದಾಗ, ತೊಟ್ಟಿಲಿಗೆ ಹೋದಾಗ, ಹೆಣ್ಣು ನೋಡಲು ಹೋದಾಗ ಎಂದು ಒಂದೊಂದೇ ಕಳವು ಹೊರಬಿತ್ತು. ಚುಕ್ಕಿಗಳು ಮಣ್ಣಿನ ಮಾತು ಯಾಕೆ ಕೇಳಲಿಲ್ಲ ಎಂದು ಆಗ ತಿಳಿಯಿತು. ಅವು ಬೀಗರ ಮನೆಗಳ ದಾರಿ ಹಿಡಿದಿದ್ದವು. ಈ ಸಂಶೋಧನೆಯ ಲೇಖನದಲ್ಲಿ ಕಳ್ಳತನ ಎಂದು ಬರೆದೆ. ನಮ್ಮ ಗುರುಗಳು ಅದನ್ನು ಹೊಡೆದುಹಾಕಿ ಅನೌಪಚಾರಿಕ ವಿನಿಮಯ ಎಂದು ತಿದ್ದಿದರು. ಘಮದ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ, ಕೆಲಸ ನಡೆದಿದೆ.

ಕೂಡ್ಲಿಗಿಯಲ್ಲಿ ಟೊಂಗೆ ಚಿಗುರಿತು. ತಮ್ಮ ಅದರ ಸುತ್ತ ಇಟ್ಟಿಗೆ ಕಟ್ಟೆ ಕಟ್ಟಿಸಿದ್ದಾನೆ. ಮೊದಲ ಹೂ ಬಿಟ್ಟ ವಾರ ನಾನು ಊರಿಗೆ ಹೋದಾಗ ಅವ್ವನ ತುರುಬಿನಲ್ಲಿ ಚೋಟುದ್ದದ ಮಾಲೆ ಇತ್ತು. ನಕ್ಷೆಗೆ ಹೊಸ ಚುಕ್ಕಿ ಸೇರಿಸಬೇಕಲ್ಲ, ಜಿಪಿಎಸ್ ಹಿಡಿದು ಗಿಡದ ಪಕ್ಕ ನಿಂತು ಮತ್ತೆ ಅದೇ ಗತ್ತಿನಲ್ಲಿ ಕೇಳಿದೆ, “ಇದು ಎಲ್ಲಿಂದ ಬಂದ ಗಿಡ?”

ಅವ್ವ ಮಗ್ಗಿ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. “ನರ್ಸರಿದು ಅಂತ ಬರಕೋ,” ಅಂದಳು.